ಕೊನೆಮನೆಯ ಬಾಗಿಲು

ನಮ್ಮ ಊರಿನಲ್ಲಿ ಈಜು ಬಾರದವರು ಇದ್ದಾರೆ, ಮನೆ ಹೊರಲು ಬಾರದವರು ಇಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಸಮುದ್ರ ನಮ್ಮ ಮರಳಿನ ನಡುಗಡ್ಡೆಯ ಪಡುವಣ ತುದಿಯಲ್ಲಿ ಒಂದು ಮನೆಯಷ್ಟು ಜಾಗ ತಿನ್ನುತ್ತದೆ, ಮೂಡಣ ತುದಿಯಲ್ಲಿ ಒಂದು ಮನೆಯಷ್ಟು ಮರಳು ಹಾಕುತ್ತದೆ. ಆಗ ಪಡುವಣದ ಕಟ್ಟಕಡೆಯ ಮನೆಯನ್ನು ಬಿಚ್ಚಿ, ಕಂಬ, ತೊಲೆ, ಬಾಗಿಲು, ತೆಂಗಿನ ಮಡಲಿನ ಮಾಡು ಎಲ್ಲವನ್ನೂ ಊರವರು ತಲೆಯ ಮೇಲೆ ಹೊತ್ತು, ಬೀದಿಯುದ್ದಕ್ಕೂ ನಡೆದು, ಮೂಡಣದ ಹೊಸ ಮರಳಿನ ಮೇಲೆ ನಿಲ್ಲಿಸುತ್ತಾರೆ. ನಿನ್ನೆ ಕೊನೆಮನೆಯಾಗಿದ್ದದ್ದು ಇವತ್ತು ಮೊದಲಮನೆ. ಅದರ ನೆರೆಮನೆ ಈಗ ಕೊನೆಮನೆ. ಹೀಗೆ ನಮ್ಮ ಊರು ನಡೆಯುತ್ತದೆ. ಬಾವಿಯೊಂದನ್ನು ಮಾತ್ರ ಹೊರಲಾಗುವುದಿಲ್ಲ. ಅದನ್ನು ಮುಚ್ಚಿ ಬೇರೆ ಕಡೆ ತೋಡಿಕೊಳ್ಳುತ್ತೇವೆ.

ಶಾಲೆಯ ಸರದಿ ಬಂದ ವರ್ಷ ಅದರ ಕರಿಹಲಗೆ ಹೊತ್ತವನು ನಾನು. ‘ಜಟ್ಟಿ, ನಿನ್ನ ಸಿಟ್ಟಿಗೇ ಒಂದು ಬೆಂಚು ಬೇರೆ ಬೇಕು’ ಎಂದು ಮಾಸ್ತರರು ಒಂದು ದಿನ ಎಲ್ಲರೆದುರು ನಗಾಡಿದ್ದರು. ಆ ಬೆಂಚನ್ನೂ ನಾನೇ ಹೊತ್ತೆ. ಮೂಡಣದಲ್ಲಿ ಎರಡನ್ನೂ ಇಳಿಸಿ, ಕೈ ಕೊಡವಿಕೊಂಡು ಹೊರಟವನು ಮತ್ತೆ ಶಾಲೆಯೊಳಗೆ ಕಾಲಿಡಲಿಲ್ಲ.

ಕೊನೆಮನೆಯವರಿಗೆ ಊರಿನಲ್ಲಿ ಒಂದು ಮರ್ಯಾದೆ ಇದೆ. ಮನೆ ಬಿಚ್ಚುವ ಮೊದಲು ಊರು ಸೇರಿದಾಗ ಅವರು ಒಂದು ಮಾತು ಹೇಳಬಹುದು. ಅದನ್ನು ಯಾರೂ ಮೀರುವಂತಿಲ್ಲ. ಹೋದ ವರ್ಷದ ಕೊನೆಮನೆಯ ದೇವು ತನ್ನ ಮಾತನ್ನು ತನ್ನ ಹುಂಜವನ್ನು ಯಾರೂ ಬಯ್ಯಬಾರದು ಎಂಬುದಕ್ಕೆ ಖರ್ಚು ಮಾಡಿದ. ಆ ಹುಂಜ ಈಗಲೂ ನಡುಬೀದಿಯಲ್ಲಿ ಅಮಲ್ದಾರನಂತೆ ತಿರುಗುತ್ತದೆ. ಆದರೆ ಇನ್ನೊಂದು ಕಟ್ಟಳೆಯೂ ಇದೆ. ನಿಲ್ಲಲು ಜಾಗವಿಲ್ಲದ ಮನೆ ದೋಣಿ ಹತ್ತಿ ಊರು ಬಿಡಬೇಕು. ದೋಣಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಇದುವರೆಗೆ ಯಾರೂ ಹತ್ತಿಲ್ಲ.

ಈ ವರ್ಷ ಕೊನೆಮನೆ ನಮ್ಮದು. ಮನೆಯಲ್ಲಿ ಅಜ್ಜಿ ಮಂಕಾಳಿ, ತಂಗಿ ತುಳಸು, ನಾನು. ಮಳೆ ನಿಂತ ಬೆಳಿಗ್ಗೆ ಮೂಡಣ ತುದಿಗೆ ಓಡಿಹೋಗಿ ನೋಡಿದರೆ, ಮರಳಿಲ್ಲ. ದೇವುವಿನ ಅಡುಗೆಮನೆಯ ಗೋಡೆಗೇ ನೀರು ತಾಗುತ್ತಿತ್ತು. ಮರಳು ಕಮ್ಮಿಯಾಗುತ್ತ ಬಂದದ್ದು ಎಲ್ಲರಿಗೂ ಗೊತ್ತಿತ್ತು. ಒಬ್ಬರಿಗೆ ಜಗುಲಿಯಷ್ಟು ಕೊರತೆ, ಮುಂದಿನವರಿಗೆ ಕೋಣೆಯಷ್ಟು ಕೊರತೆ. ಎಲ್ಲರೂ ಅವರವರ ಸರದಿ ಮುಗಿಸಿಕೊಂಡು ಸುಮ್ಮನಿದ್ದರು. ಈಗ ಬರೀ ನೀರು ನನ್ನ ಪಾಲಿಗೆ.

“ಅಜ್ಜಿ, ಮರಳು ಬಂದಿಲ್ಲ.”

“ಕಂಡಾಯ್ತು.”

“ಎಂತ ಮಾಡುದು ಈಗ?”

“ಎಂತ ಮಾಡುದು ಅಂದ್ರೆ? ಮೊದಲು ಗಂಜಿ ಉಣ್ಣು.”

ನಾನು ಬಟ್ಟಲು ನೂಕಿ ಎದ್ದೆ. ಅಂದು ನಮ್ಮ ಬಲೆ ನೋಡಿ ಬರುವ ಕೆಲಸವೂ ಇತ್ತು.

ಬಲೆಯ ವಿಷಯ ಹೇಳಬೇಕು. ಊರಿನ ಸುತ್ತ ನೀರಿನೊಳಗೆ ಹವಳದ ದಿಬ್ಬವಿದೆ. ನಾವು ಅದನ್ನು ಪಾಗಾರ ಎನ್ನುತ್ತೇವೆ, ಅಲೆಯನ್ನು ತಡೆಯುವುದು ಅದೇ. ಕೆಲವು ಮಳೆಗಾಲಗಳ ಹಿಂದೆ ದೊಡ್ಡ ಗಾಳಿಯೊಂದು ಬಂದು ಪಾಗಾರದಲ್ಲಿ ಬಿರುಕು ಬಿಟ್ಟಿತು. ಅದರೊಳಗಿಂದ ನುಗ್ಗಿದ ನೀರು ದೋಣಿಯನ್ನು ಗೂಟಕ್ಕೆ ಕಟ್ಟುತ್ತಿದ್ದ ನನ್ನ ಅಪ್ಪನನ್ನು ಎಳೆದೊಯ್ದಿತು. ಒಣಹಾಕಿದ ಬಟ್ಟೆ ಹೆಕ್ಕಲು ಹೋಗಿದ್ದ, ಊರಿನ ಹಿರಿಯ ಬೊಮ್ಮಯ್ಯನ ಹೆಂಡತಿ ದೇವಕಿಯನ್ನೂ ಬಿಡಲಿಲ್ಲ. ನೀರು ತಿಳಿಯಾದ ಮೇಲೆ ಊರವರು ಇಣುಕಿ ನೋಡಿದರು. ಗಿಳಿಯ ಕೊಕ್ಕಿನಂಥ ಹಲ್ಲಿನ ಹಸಿರು ಮೀನುಗಳ ಹಿಂಡು ಪಾಗಾರವನ್ನು ಕರಕರ ಕಚ್ಚುತ್ತಿತ್ತು. ಆ ಗಿಳಿಮೀನು ಮೊದಲಿನಿಂದಲೂ ಅಲ್ಲೇ ಇತ್ತು, ಮೊದಲಿನಿಂದಲೂ ಕಚ್ಚುತ್ತಿತ್ತು. ಆದರೆ ದುಃಖದಲ್ಲಿದ್ದವರಿಗೆ ಒಬ್ಬ ಕಳ್ಳ ಬೇಕಿತ್ತು, ಸಿಕ್ಕಿದ. ನಮ್ಮ ಗೋಡೆಯನ್ನು ತಿನ್ನುವವರು ಇವರೇ ಎಂದು ಊರೆಲ್ಲ ಕೂತು ಬಲೆ ಹೆಣೆಯಿತು. ಮೊದಲ ಗಂಟು ಹಾಕಿದವಳು ನನ್ನ ಅಜ್ಜಿ. ಮನೆಗೊಂದು ಪಾಲಿನಂತೆ ಪಾಗಾರದ ಉದ್ದಕ್ಕೂ ಪರದೆಯ ಹಾಗೆ ಬಲೆ ಇಳಿಬಿಟ್ಟರು. ಬಲೆಯ ಉಸ್ತುವಾರಿ ಬೊಮ್ಮಯ್ಯನದ್ದು. ಅವರವರ ಪಾಲು ನೋಡಿಕೊಳ್ಳುವುದು, ಸಿಕ್ಕ ಗಿಳಿಮೀನನ್ನು ದೋಣಿಯ ಹುಟ್ಟಿನಿಂದ ಬಡಿದು ಎಸೆಯುವುದು ಅವರವರ ಕೆಲಸ. ಆ ಮೀನನ್ನು ಯಾರೂ ತಿನ್ನುವುದಿಲ್ಲ. ಅಷ್ಟು ಹಗೆ.

ಅಂದು ನಮ್ಮ ಪಾಲಿನಲ್ಲಿ ಒಂದು ಗಿಳಿಮೀನು ಸಿಕ್ಕಿಕೊಂಡಿತ್ತು. ಹುಟ್ಟು ಎತ್ತಿದೆ. ಒಂದೇ ಏಟಿಗೆ ಸಾಯುವುದು ಅದಕ್ಕೆ ತೀರಾ ಕಮ್ಮಿ ಎನಿಸಿತು. ಅಪ್ಪನನ್ನು ತಿಂದದ್ದು ಸಾಲದೆ ಈಗ ಮನೆಯನ್ನೂ ತಿಂದಿದೆ! ಊರು ಸೇರುವ ದಿನ ಎಲ್ಲರೆದುರು ಸಾಯಿಸುತ್ತೇನೆ ಎಂದುಕೊಂಡು ಅದನ್ನು ತಂದು ಅಜ್ಜಿಯ ತಾಮ್ರದ ಹಂಡೆಗೆ ಉಪ್ಪುನೀರು ತುಂಬಿ ಬಿಟ್ಟೆ.

ಮಧ್ಯಾಹ್ನ ನೋಡುತ್ತೇನೆ, ಹಂಡೆಯ ತಳದಲ್ಲಿ ಬೆಳ್ಳಗೆ ಏನೋ ಕೂತಿದೆ.

“ತುಳಸೂ! ಹಂಡೇಲಿ ಕಾಲು ತೊಳೆದ್ಯನೇ?”

“ನಂಗೆ ಬೇರೆ ಕೆಲಸ ಇಲ್ವಾ? ನಿನ್ನ ಮೀನಿನ ಜೊತೆ ಕಾಲು ತೊಳೀತೆ ನಾನು!”

ನೀರು ಚೆಲ್ಲಿ ಹೊಸ ನೀರು ತುಂಬಿದೆ. ಸಂಜೆಗೆ ಮತ್ತೆ ಬೆಳ್ಳಗೆ. ಮಾರನೆಯ ದಿನ ನಿಂತುಹೋಯಿತು. ಮೀನು ಹಂಡೆಯ ಗೋಡೆಗೆ ಕೊಕ್ಕು ಕುಟ್ಟುತ್ತಿತ್ತು. ಹಸಿವೆ ಇರಬೇಕು. ಪಾಗಾರದಿಂದ ಪಾಚಿ ಹಿಡಿದ ಹವಳದ ಚೂರೊಂದನ್ನು ತಂದು ಒಳಗೆ ಹಾಕಿದೆ. ಕರಕರ, ಕರಕರ. ಯಾರೋ ಚಕ್ಕುಲಿ ತಿಂದಂತೆ. ನಾನೂ ತುಳಸುವೂ ಹಂಡೆಯ ಬಾಯಿಗೆ ಮುಖ ಇಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಮೀನು ಬಾಲ ಎತ್ತಿತು. ಹಿಂದಿನಿಂದ ಬಿಳಿ ಹೊಗೆಯಂತೆ ಹೊರಟು, ನಿಧಾನಕ್ಕೆ ತಳಕ್ಕೆ ಇಳಿಯಿತು.

“ಅಣ್ಣಾ, ಇದು ಎಂತ?”

“ಹೇಲು.”

ತುಳಸು ಕೈ ಹಾಕಿ ಒಂದು ಚಿಟಿಕೆ ತೆಗೆದಳು. “ಇದು ಹಿಟ್ಟುಮರಳು ಅಲ್ದನಾ?”

ನಮ್ಮ ಊರಿನ ಹೆಂಗಸರು ಹೊಸ ಮನೆಗೆ ನೆಲ ಮಾಡುವಾಗ ಮರಳನ್ನು ಮೊರದಲ್ಲಿ ಕೇರುತ್ತಾರೆ. ಕೇರಿದಾಗ ಬೇರೆ ಬೇರೆ ಮರಳು ಬೇರೆಯಾಗುತ್ತದೆ. ಬಿಲ್ಲೆಬಿಲ್ಲೆಯಾಗಿ ನಿಲ್ಲುವುದು ಎಲೆಮರಳು. ಅದು ಪಾಗಾರದಲ್ಲಿ ಬೆಳೆಯುವ ಒಂದು ಹಸಿರು ಗಿಡದ ಎಲೆ, ಸತ್ತ ಮೇಲೆ ಬೆಳ್ಳಗೆ ಕಲ್ಲಾಗುತ್ತದೆ. ಮೂಲೆಮೂಲೆ ಚೂಪಾಗಿರುವುದು ಚುಕ್ಕಿಮರಳು. ಅದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು. ಉಳಿದದ್ದು, ಎಲ್ಲಕ್ಕಿಂತ ಹೆಚ್ಚಿನದು, ಹಿಟ್ಟುಮರಳು. ಉಳಿದೆಲ್ಲವನ್ನು ಹಿಡಿದು ನಿಲ್ಲಿಸುವುದು ಅದೇ. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಸಮುದ್ರ ಬೀಸಿ ಕೊಡ್ತದೆ’ ಎನ್ನುತ್ತಿದ್ದರು.

ಅಜ್ಜಿ ಬಂದು ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ತುಳಸುವಿನ ಅಂಗೈಯಿಂದ ಒಂದಿಷ್ಟು ತೆಗೆದು ಬೆರಳಲ್ಲಿ ಉಜ್ಜಿದಳು. ಆಮೇಲೆ ಹಲ್ಲಿನ ನಡುವೆ ಇಟ್ಟು ಕಚ್ಚಿದಳು. “ಅಯ್ಯೋ ಅಜ್ಜಿ, ಉಗಿ!” ಎಂದು ತುಳಸು ಕೂಗಿದಳು. ಅಜ್ಜಿ ಉಗಿಯಲಿಲ್ಲ.

“ಬೀಸೋದು ಇವ,” ಎಂದಳು.

“ಅಜ್ಜಿ, ಮೊರ ಹಿಡಿದಾಗ ನಿಂಗೆ ಗೊತ್ತಾಗ್ಲಿಲ್ವಾ?”

“ಹಿಟ್ಟು ಕಮ್ಮಿಯಾದದ್ದು ಗೊತ್ತಾಗಿತ್ತು ತಮಾ. ಸಮುದ್ರಕ್ಕೂ ವಯಸ್ಸಾಯ್ತು ಅಂದ್ಕಂಡೆ, ನಂಗೆ ಆದ ಹಾಗೆ.” ಬೆರಳನ್ನು ಸೆರಗಿಗೆ ಒರೆಸಿ, “ನಿನ್ನ ಅಪ್ಪನ ಹೆಸರಲ್ಲಿ ಹೆಣೆದ ಬಲೆ ಅದು,” ಎಂದಳು.

“ಅಪ್ಪನ ಹೆಸರಲ್ಲಿ ನಾವು ದೋಣಿ ಹತ್ತುದಾ ಹಾಗಾದ್ರೆ?” ನನ್ನ ದನಿ ಬೀದಿಗೆ ಕೇಳಿಸಿರಬೇಕು. “ನಮ್ಮ ಮಾತು ಒಂದಿದೆ ಅಲ್ದಾ? ಬಲೆ ತೆಗೀರಿ ಅಂತ ಹೇಳು. ಯಾವ ಮಗ ಇಲ್ಲ ಅಂತಾನೆ ಕಾಂಬ!”

ಅಜ್ಜಿ ಮೀನನ್ನೇ ನೋಡುತ್ತ ಕೂತಳು.

ಊರು ಸೇರುವುದು ಸಾಲಿನ ನಡುವಿನ ಮನೆಯ ಅಂಗಳದಲ್ಲಿ. ಈ ವರ್ಷ ಬೀದಿಯ ನಟ್ಟನಡುವಿಗೆ ಬಂದದ್ದು ಬೊಮ್ಮಯ್ಯನ ಮನೆ. ನಾನು ಹಂಡೆಯನ್ನು ಹೊತ್ತುಕೊಂಡು ಹೋಗಿ ಅವನ ಜಗುಲಿಯ ಮೇಲೆ ಕುಕ್ಕಿದೆ. ಕಂಡದ್ದನ್ನೆಲ್ಲ ಹೇಳಿದೆ. ಸರಿಯಾಗಿಯೇ ಹೇಳಿದೆ ಎಂದು ಈಗಲೂ ಅನ್ನುತ್ತೇನೆ. ಆದರೆ ನನ್ನ ಬಾಯಿಂದ ಬಂದರೆ ಯಾವುದೂ ಬೈಗಳದಂತೆಯೇ ಕೇಳುತ್ತದೆ.

“ಜಟ್ಟಿ ಹೇಲು ತಂದಿದ್ದಾನೆ, ಎಲೆ ಹಾಕ್ರೋ!” ಎಂದ ದೇವು. ಅಂಗಳಕ್ಕೆ ಅಂಗಳವೇ ನಕ್ಕಿತು.

“ನಗು ಮಾರಾಯ, ನಗು. ನೀ ಕೂತದ್ದೂ ಅದರ ಮೇಲೇ!”

“ಆಯ್ತಪ್ಪ, ಮೀನು ಹಿಟ್ಟು ಹಾಕ್ತದೆ,” ಎಂದ ಬೊಮ್ಮಯ್ಯ. ಅವನು ನಕ್ಕಿರಲಿಲ್ಲ. “ಆ ಹಿಟ್ಟು ಎಲ್ಲಿಂದ? ಪಾಗಾರದಿಂದ. ಪಾಗಾರ ಕಚ್ಚಿ ಕಚ್ಚಿ ನಿಂಗೆ ಜಾಗ ಮಾಡ್ಬೇಕು. ನಾಳೆ ಅಂಥದ್ದೇ ಗಾಳಿ ಬಂದ್ರೆ ತಡೆಯೋದು ಯಾರು, ನಿನ್ನ ಹಂಡೆಯಾ? ದೇವಕಿ ಹೋದದ್ದು ಎಲ್ಲಿಂದ ಅಂತ ನಾನು ಕಣ್ಣಲ್ಲಿ ಕಂಡವ. ನಿನ್ನ ಅಪ್ಪನೂ ಅಲ್ಲಿಂದಲೇ ಹೋದ. ನಿಂಗೆ ಮರೆತಿರ್ಬಹುದು.”

ಮರೆತಿರಬಹುದು ಎಂದ! ನಾನು ಅವನ ಮೇಲೆ ಬಿದ್ದೆ. ನಾಲ್ಕು ಜನ ಹಿಡಿದು ಎಳೆದರು. ಹಂಡೆ ಉರುಳಿ ನೀರು, ಮೀನು, ಮರಳು ಎಲ್ಲ ಅಂಗಳದ ಪಾಲಾಯಿತು. ತುಳಸು ಮೀನನ್ನು ಸೆರಗಿನಲ್ಲಿ ಬಾಚಿಕೊಂಡು ನೀರಿನ ಕಡೆ ಓಡಿದಳು. ನಾನು ಊರಿಗೆ ಊರನ್ನೇ ಕುರುಡು ಮುಂಡೇವು ಎಂದೆ. ಅಲ್ಲಿಗೆ ನನ್ನ ಪಕ್ಷದಲ್ಲಿ ಇದ್ದ ಒಬ್ಬಿಬ್ಬರೂ ಮುಖ ತಿರುಗಿಸಿದರು. ದೋಣಿಗೆ ಎಣ್ಣೆ ಹೊಡೆದು ಇಟ್ಟಾಗಿದೆ ಎಂದು ಯಾರೋ ಮೆಲ್ಲಗೆ ಹೇಳಿದರು.

“ಕೊನೆಮನೆ ಮಾತು ಇನ್ನೂ ಆಗ್ಲಿಲ್ಲ,” ಎಂದಳು ಅಜ್ಜಿ.

ನನ್ನನ್ನು ಹಿಡಿದವರು ಕೈ ಬಿಟ್ಟರು. ಈಗ ಹೇಳುತ್ತಾಳೆ, ಬಲೆ ತೆಗೀರಿ ಎನ್ನುತ್ತಾಳೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಬೊಮ್ಮಯ್ಯನ ಮುಖ ಬಿಳಿಚಿತ್ತು.

“ನನ್ನ ಮನೆ ಬಿಚ್ಚಿ ಹೊರಿ,” ಎಂದಳು ಅಜ್ಜಿ. “ಮೂಡಣದಲ್ಲಿ ಮರಳು ಬರೋವರೆಗೆ ಇಳಿಸ್ಬೇಡಿ. ಯಾರ್ಯಾರು ಎಂತೆಂತ ಹೊರ್ತ್ರೋ ಅದು ಅವರವರ ಮನೇಲಿರ್ಲಿ. ಹಿತ್ತಲಲ್ಲಿ ಅಲ್ಲ, ಅಂಗಳದಲ್ಲಿ ಅಲ್ಲ, ನಡುಮನೇಲಿ ನಿಲ್ಸಿ. ಮನೆಯವ್ರು ನಾವೂ ಹಾಗೇ ಒಬ್ಬೊಬ್ರ ಮನೇಲಿ ಇರ್ತೇವೆ. ಮಾತು ಆಯ್ತು.”

“ಹೋಯ್, ಜಾಗ ಇಲ್ಲದ ಮನೆ ದೋಣಿ ಹತ್ಬೇಕಲ್ದನೇ?” ಎಂದ ದೇವು.

“ಅದು ಇಳಿಸಿದ ಮನೆಗೆ ಕಾಣು. ನಂದು ಇನ್ನೂ ದಾರಿ ಮೇಲಿದೆ.”

ದೇವು ತಲೆ ಕೆರೆದುಕೊಂಡು ಕೂತ. ಮನೆಗೆ ಬರುವ ದಾರಿಯಲ್ಲಿ ನಾನು ಅಜ್ಜಿಯ ಮೇಲೆ ಹರಿಹಾಯ್ದೆ. ಕೈಯಲ್ಲಿದ್ದ ಒಂದೇ ಒಂದು ಮಾತನ್ನು ಹಾಳು ಮಾಡಿದೆ ಎಂದೆ, ಒಂದೇ ಶಬ್ದ ಹೇಳಿದ್ದರೆ ನಾಳೆಯೇ ಬಲೆ ತೆಗೆಯುತ್ತಿದ್ದರು ಎಂದೆ.

“ತೆಗೀತಿದ್ರು,” ಎಂದಳು. “ಮುಂದಿನ ವರ್ಷದ ಕೊನೆಮನೆಯವ ‘ಮತ್ತೆ ಹಾಕಿ’ ಅಂದ್ರೆ ಹಾಕ್ತಿದ್ರು. ಅದು ಅವರವರ ಕೈಯಿಂದಲೇ ಬಿಚ್ಬೇಕು ತಮಾ. ನಂದು ನಾ ಬಿಚ್ತೆ. ದೋಣಿ ತೆಗಿ.”

ಪಾಗಾರದ ಹತ್ತಿರ ನಾನು ಕತ್ತಿ ಎತ್ತಿದೆ. ನಾಲ್ಕು ಏಟಿಗೆ ಮುಗಿಯುವ ಕೆಲಸ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. “ಕಟ್ಟಿದ್ದನ್ನ ಬಿಚ್ಚುದು. ಕಡಿಯುದಲ್ಲ.” ಉಪ್ಪು ತಿಂದು ಬಿಗಿದ ಗಂಟುಗಳು. ಅವಳು ಒಂದೊಂದನ್ನೂ ಉಗುರಿನಿಂದ ಸಡಿಲಿಸಿ, ಹಲ್ಲಿನಿಂದ ಎಳೆದು, ಬಿಚ್ಚುತ್ತ ಹೋದಳು. ಬೆರಳು ಸೀಳಿ ರಕ್ತ ಬಂತು. ಬಿಚ್ಚಿದ ಗಂಟಿಗೊಮ್ಮೆ ತುಟಿ ಅಲ್ಲಾಡುತ್ತಿತ್ತು. ಅಪ್ಪನ ಹೆಸರೇ ಇರಬೇಕು, ನಾನು ಕೇಳಲಿಲ್ಲ. ನಾನೂ ಕತ್ತಿ ಬಿಸಾಕಿ ಬೆರಳು ಹಾಕಿದೆ. ಬಲೆ ಪೂರ್ತಿ ಇಳಿಯುವಾಗ ಬಿಸಿಲು ಬಾಗಿತ್ತು. ಮೊದಲು ಯಾವ ಮೀನೂ ಬರಲಿಲ್ಲ. ಆಮೇಲೆ ಒಂದು ಹಸಿರು ಬೆನ್ನು ಹೊಳೆಯಿತು. ದೋಣಿಯ ತಳಕ್ಕೆ ಕಿವಿ ಇಟ್ಟೆ. ಕರಕರ, ಕರಕರ.

ನಮ್ಮ ಮನೆ ಊರೆಲ್ಲ ಹಂಚಿಹೋಯಿತು. ಮಾಡಿನ ತೊಲೆ ದೇವುವಿನ ನಡುಮನೆಗೆ ಬಂತು, ತೊಲೆಯ ಜೊತೆಗೆ ನಾನು. ಅದು ಗೋಡೆಯಿಂದ ಗೋಡೆಗೆ ಹಣೆಯ ಎತ್ತರಕ್ಕೆ ಅಡ್ಡ ನಿಂತಿತ್ತು. ದೇವು ಮರೆತಾಗಲೆಲ್ಲ ಢಣ್ ಎಂದು ಹೊಡೆಯಿಸಿಕೊಳ್ಳುತ್ತಿದ್ದ. ಯಾರೂ ಬಯ್ಯಲಾಗದ ಅವನ ಹುಂಜ ಅದರ ಮೇಲೆ ಕೂತು ಅವನ ಚಾಪೆಗೇ ಹಿಕ್ಕೆ ಹಾಕುತ್ತಿತ್ತು. ಒರಳುಕಲ್ಲು ಶಾಲೆಗೆ ಹೋಯಿತು. ತುಳಸು ಮಾಸ್ತರರ ಮನೆಯಲ್ಲಿದ್ದುಕೊಂಡು, ದಿನಾ ಪಾಠದ ನಡುವೆಯೇ ಗಡಗಡ ಹಿಟ್ಟು ರುಬ್ಬಿ ಬರುತ್ತಿದ್ದಳು.

ಬಾಗಿಲನ್ನು ಹೊರುವುದು ಊರಿನ ಹಿರಿಯನ ಹಕ್ಕು. ಹಾಗಾಗಿ ನಮ್ಮ ಹಲಸಿನ ಬಾಗಿಲು, ದಾರಂದದ ಚೌಕಟ್ಟು ಸಮೇತ, ಬೊಮ್ಮಯ್ಯನ ಪಾಲಿಗೆ ಬಂತು. ನಡುಮನೆಯಲ್ಲಿ ಅದನ್ನು ಎಲ್ಲಿ ನಿಲ್ಲಿಸಿದರೂ ಅಡ್ಡ. ಕಡೆಗೆ ಅಡುಗೆಮನೆಗೆ ಹೋಗುವ ಸಂದಿಯ ಬಾಯಿಗೆ ನಿಲ್ಲಿಸಿದ. ಆ ಬಾಗಿಲಿನ ಜೊತೆ ಹೋದವಳು ಅಜ್ಜಿ. ಹೋದವಳೇ ಅಡುಗೆಮನೆ ಸೇರಿ ಚಿಲಕ ಹಾಕಿದಳು. ಬೊಮ್ಮಯ್ಯನಿಗೆ ಒಂದು ಲೋಟ ನೀರು ಬೇಕಾದರೂ ಬಾಗಿಲು ತಟ್ಟಬೇಕು.

“ಯಾರು?”

“ನಾನೇ ಮಾರಾಯ್ತಿ! ಇದು ನನ್ನ ಮನೆ!”

“ಮನೆ ನಿಂದು. ಬಾಗಲು ನಂದು. ಹೆಸರು ಹೇಳು.”

“ಬೊಮ್ಮಯ್ಯ.”

“ಯಾವ ಬೊಮ್ಮಯ್ಯ?”

ಊರಿನ ಹೆಂಗಸರು ಇದನ್ನು ಕೇಳಲೆಂದೇ ನೆವ ಮಾಡಿಕೊಂಡು ಅವನ ಬೇಲಿಯ ಬಳಿ ನಿಲ್ಲುತ್ತಿದ್ದರು.

ಮೊದಲು ತನ್ನ ಪಾಲಿನ ಬಲೆ ಬಿಚ್ಚಿದವನು ದೇವು. ಹಣೆಗೆ ಬಟ್ಟೆ ಕಟ್ಟಿಕೊಂಡು ಬಂದು, “ಮೀನು ಹೇಲ್ಲಿ, ಆನೆ ಹೇಲ್ಲಿ, ಈ ತೊಲೆ ನನ್ನ ಮನೆಯಿಂದ ಹೋದ್ರೆ ಸಾಕು,” ಎಂದ. ಮಾಸ್ತರರು ಒರಳಿನ ಸದ್ದಿಗೆ ಸೋತು ಬಿಚ್ಚಿದರು. ಸಮುದ್ರದ ಮೇಲಿನ ಅಕ್ಕರೆಯಿಂದ ಬಿಚ್ಚಿದವರು ಒಬ್ಬರೂ ಇಲ್ಲ. ನನಗೆ ಅದರ ಬಗ್ಗೆ ಬೇಸರವೂ ಇಲ್ಲ. ಕೆಲವರು ಬಿಚ್ಚಲಿಲ್ಲ. ಅವರ ಮನೆಗೆ ನಾನು ದಿನಾ ಹೋಗುತ್ತಿದ್ದೆ. ನಮ್ಮ ಕಂಬ ಸರಿಯಾಗಿ ನಿಂತಿದೆಯೇ ಎಂದು ನೋಡುತ್ತಿದ್ದೆ, ಅದರ ಪಕ್ಕ ಕಾಲು ಚಾಚಿ ಕೂರುತ್ತಿದ್ದೆ, ಏಳುತ್ತಿರಲಿಲ್ಲ. ಬಯ್ಯಲಿಲ್ಲ. ಬಯ್ಯದೇ ಕೂರುವುದು ಬೈಗಳಕ್ಕಿಂತ ಕಷ್ಟ. ಕೆಲಸ ಮಾತ್ರ ಅದೇ ಹೆಚ್ಚು ಮಾಡುತ್ತದೆ. ಒಬ್ಬೊಬ್ಬರಾಗಿ ಬಲೆ ಬಿಚ್ಚಲು ದೋಣಿ ಇಳಿಸಿದರು.

ಬೊಮ್ಮಯ್ಯ ಒಬ್ಬ ಉಳಿದ. ಅವನ ಪಾಲು ಹಳೆಯ ಬಿರುಕಿನ ಮೇಲೆಯೇ ಇತ್ತು. ಬಾಗಿಲು ತಟ್ಟಿ ತಟ್ಟಿ ಗೆಣ್ಣು ಸುಲಿದರೂ ಅವನು ಬಲೆ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಅವನ ದೋಣಿಗೆ ಕೇಳದೆಯೇ ಹತ್ತಿ ಕೂತೆ.

“ಇಳಿ.”

“ಇಳೀತೆ. ಪಾಗಾರದ ಹತ್ರ ಇಳೀತೆ.”

ಅವನು ಹುಟ್ಟು ಹಾಕಿದ. ನಮ್ಮ ಪಾಲಿನ ಬಳಿ ದೋಣಿ ನಿಲ್ಲಿಸು ಎಂದೆ. ಹವಳ ಮೊದಲಿನ ಬಣ್ಣಕ್ಕೆ ಬಂದಿತ್ತು. ಮೀನಿನ ಹಲ್ಲಿನ ಗೀರು ಬಿದ್ದಲ್ಲೆಲ್ಲ ಪಾಚಿ ಹೋಗಿ, ಕಲ್ಲು ಗಟ್ಟಿಯಾಗಿ, ಮೊಳಕೆ ಒಡೆದಿತ್ತು. “ಮುಟ್ಟು,” ಎಂದೆ. ಮುಟ್ಟಿದ. ಆಮೇಲೆ ಅವನ ಪಾಲಿಗೆ ಹೋದೆವು. ಬಲೆಯ ಹಿಂದೆ ಪಾಗಾರ ಕಾಣಿಸುತ್ತಲೇ ಇರಲಿಲ್ಲ. ಹಸಿರು ಲೋಳೆ ಹೊದ್ದುಕೊಂಡು ಕೊಳೆತ ಹಾಗಿತ್ತು. ಬೊಮ್ಮಯ್ಯ ಬಲೆಯಡಿಯಿಂದ ತೋಳು ಹಾಕಿ ಒಂದು ಕವಲನ್ನು ಹಿಡಿದ. ಅದು ನೆನೆದ ಸೌದೆಯ ಹಾಗೆ ಕಿತ್ತು ಕೈಗೆ ಬಂತು.

“ಅಲೆ ಬಂದ್ರೆ ಇದು ತಡೀತದನಾ, ಬೊಮ್ಮಣ್ಣ?”

ಅಂದು ಅಂಗಳದಲ್ಲಿ ಇದನ್ನೇ ಇಷ್ಟು ಮೆಲ್ಲಗೆ ಕೇಳಿದ್ದರೆ ಎನಿಸಿತು. ಅವನು ಆ ಚೂರನ್ನು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವನ ಬಲೆಯ ಮೇಲಂಚಿಗೆ ಗುರುತಿಗೆಂದು ದೇವಕಿಯ ಸೀರೆಯ ಕೆಂಪು ಅಂಚಿನ ಚೂರು ಕಟ್ಟಿತ್ತು. ಮೊದಲು ಅದನ್ನು ಬಿಚ್ಚಿ ಮಣಿಕಟ್ಟಿಗೆ ಸುತ್ತಿಕೊಂಡ. “ಎಂತ ನೋಡ್ತೆ? ಆ ಬದಿಯಿಂದ ಬಿಚ್ಚು,” ಎಂದು ನನ್ನ ಮೇಲೆ ರೇಗಿದ. ಆ ಬದಿಯಿಂದ ಬಿಚ್ಚಿದೆ.

ಒಂದು ದಿನ ಇಳಿತದ ಹೊತ್ತಿಗೆ ಮೂಡಣ ತುದಿಯಲ್ಲಿ ಬೆಳ್ಳಗೆ ಮರಳಿನ ನಾಲಿಗೆಯೊಂದು ಕಂಡಿತು, ನೀರೇರಿ ಭರತವಾದಾಗ ಮುಳುಗಿತು. ಮರುದಿನವೂ ಕಂಡಿತು, ಮುಳುಗಿತು. ಹೆಂಗಸರು ಮೊರ ಹಿಡಿದು ಓಡಿದರು. ಹಿಟ್ಟು ಬಂದಿದೆ, ಹಿಟ್ಟು ಬಂದಿದೆ ಎಂದು ಬೀದಿಯೆಲ್ಲ ಕೂಗು. ಮಾಗಿಯ ಚಳಿ ಬೀಳುವ ಹೊತ್ತಿಗೆ ಆ ನಾಲಿಗೆ ಭರತದಲ್ಲೂ ಮುಳುಗದೆ ನಿಂತಿತು. ಎಷ್ಟು ದೊಡ್ಡದು? ಒಂದು ಚಾಪೆ ಹಾಸುವಷ್ಟು. ಮನೆ ನಿಲ್ಲಲು ಇನ್ನೂ ಎಷ್ಟೋ ಬೇಕು. ಮುಂದಿನ ಮಳೆಯಲ್ಲಿ ಅದು ಕೊಚ್ಚಿಹೋಗಲೂಬಹುದು.

ನಾನು ಅದರ ಮೇಲೆ ನಿಂತು ಕಾಲಿನಿಂದ ಒತ್ತಿ ನೋಡುತ್ತಿದ್ದೆ. ಹಿಂದಿನಿಂದ ಬೈಗಳು ಕೇಳಿಸಿತು. ಬೊಮ್ಮಯ್ಯ ನಮ್ಮ ಬಾಗಿಲನ್ನು ದಾರಂದ ಸಮೇತ ಒಬ್ಬನೇ ಬೆನ್ನ ಮೇಲೆ ಹೊತ್ತು, ಬಗ್ಗಿ, ಏದುಸಿರು ಬಿಡುತ್ತ ಬರುತ್ತಿದ್ದ. ಹಿಂದೆ ಅಜ್ಜಿ, ಅವಳ ಹಿಂದೆ ಅರ್ಧ ಊರು.

“ಬೊಮ್ಮಣ್ಣ, ಮನೆಗೆ ಜಾಗ ಸಾಲುದಿಲ್ಲ ಇನ್ನೂ.”

“ಬಾಗಲಿಗೆ ಸಾಲ್ತದಲ್ಲ! ನಂಗೆ ಈ ದರಿದ್ರ ಬಾಗಲು ಸಾಕಾಗೋಯ್ತು. ಹಿಡಿ ಆ ಕಡೆ.”

ಇಬ್ಬರೂ ಮೊಣಕೈವರೆಗೆ ತೋಡಿ ದಾರಂದ ನೆಟ್ಟೆವು. ಸುತ್ತ ಗೋಡೆಯಿಲ್ಲ, ಮಾಡಿಲ್ಲ, ಮೂರು ಬದಿಗೂ ನೀರು. ಬಾಗಿಲು ಮಾತ್ರ ನೆಟ್ಟಗೆ ನಿಂತಿತು. ಅಜ್ಜಿ ಅದನ್ನು ತೆರೆದು ದಾಟಿ, ಆ ಕಡೆಯ ಒಂದು ಮೊಳ ಮರಳಿನ ಮೇಲೆ ನಿಂತು, ಮುಚ್ಚಿಕೊಂಡಳು. ಹೊಸ ನೆಲ ತುಳಿಯುವಾಗ ಊರವರೆಲ್ಲ ಒಂದೊಂದು ಮೊರ ಮರಳು ಹಾಕಬೇಕು. ತುಳಸು ಮೊರ ಹಿಡಿದು ಕಾಯುತ್ತಿದ್ದಳು. ಮೊದಲು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬೊಮ್ಮಯ್ಯ ಅವಳ ಕೈಯಿಂದ ಮೊರ ಕಸಿದುಕೊಂಡ. ಪಕ್ಕದಿಂದ ಸುತ್ತಿ ಹೋಗಬಹುದಿತ್ತು. ಹೋಗಲಿಲ್ಲ. ಸುಲಿದ ಗೆಣ್ಣಿನಿಂದ ಬಾಗಿಲು ತಟ್ಟಿದ.

ಆ ಕಡೆಯಿಂದ ಬರುವ ಪ್ರಶ್ನೆ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಆಗಲೇ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಬೊಮ್ಮಯ್ಯ ಹೆಸರು ಹೇಳಲು ಬಾಯಿ ತೆರೆದ.

“ಚಿಲಕ ಹಾಕ್ಲಿಲ್ಲ,” ಎಂದಳು ಅಜ್ಜಿ. “ಬಾ.”

ನಾನು ಅಲ್ಲಿ ನಿಲ್ಲಲಿಲ್ಲ. ದೇವುವಿನ ಮನೆಯಿಂದ ತೊಲೆ ತರಲು ಹೊರಟೆ. ಅದನ್ನು ಇಡಲು ಜಾಗ ಇನ್ನೂ ಇರಲಿಲ್ಲ. ಮರಳು ಬರುವವರೆಗೆ ಹೊತ್ತುಕೊಂಡೇ ನಿಲ್ಲುತ್ತೇನೆ.